ವಾಹನಗಳಲ್ಲಿ ದಾರಿ ತೋರಿಸುವ ಯಂತ್ರವನ್ನು ಕೂರಿಸತಕ್ಕ ಸ್ಥಳ

ಜೀಪು, ಕಾರು, ಟ್ರಾಕ್ಟರು ಮೊದಲಾದ ವಾಹನಗಳಲ್ಲಿ ಜಿ.ಪಿ.ಎಸ್. ಎಂಬ ದಾರಿ ತೋರಿಸುವ ಯಂತ್ರವನ್ನಾಗಲಿ, ಅದೇ ಕೆಲಸವನ್ನು ಮಾಡುವ ಮೊಬೈಲನ್ನಾಗಲಿ ಇಟ್ಟುಕೊಳ್ಳುವ ವಾಡಿಕೆಯು ಈಗ ಗ್ರಾಮಾಂತರಗಳಲ್ಲಿಯೂ ಹಬ್ಬಿರುವುದು. ಕೊಳ್ಳುವಾಗ ಬೆಲೆಯನ್ನೂ ಗುಣವನ್ನೂ ವಿಚಾರಿಸುವವರು, ಅದನ್ನು ಎಲ್ಲಿ ಕೂರಿಸಬೇಕೆಂಬುದನ್ನು ಸಾಮಾನ್ಯವಾಗಿ ಯೋಚಿಸುವುದಿಲ್ಲ. ಆದರೆ ಸ್ಥಳವು ತಪ್ಪಿದರೆ ಒಳ್ಳೆಯ ಯಂತ್ರವೂ ದಾರಿ ತಪ್ಪಿಸುವುದು. ಕೆಲವು ವೇಳೆ ಪ್ರಾಣಾಪಾಯಕ್ಕೂ ಕಾರಣವಾಗುವುದು. ಆದಕಾರಣ ಮೂರು ಅಂಶಗಳನ್ನು ಗಮನಿಸತಕ್ಕದ್ದು: ಯಂತ್ರಕ್ಕೆ ಆಕಾಶವು ತೆರೆದಿರಬೇಕು, ಚಾಲಕನಿಗೆ ರಸ್ತೆಯು ಕಾಣಬೇಕು, ಯಂತ್ರವು ಅಲುಗಾಡದೆ ನಿಲ್ಲಬೇಕು.

1. ಆಕಾಶವು ತೆರೆದಿರಬೇಕು.— ಭೂಮಿಯಿಂದ ಸುಮಾರು 20,200 ಕಿಲೋಮೀಟರು ಎತ್ತರದಲ್ಲಿ ಸುತ್ತುತ್ತಿರುವ ಉಪಗ್ರಹಗಳ ರೇಡಿಯೋ ಸಂಕೇತಗಳಿಂದ ಈ ಯಂತ್ರವು ತಾನಿರುವ ಸ್ಥಳವನ್ನು ಲೆಕ್ಕ ಹಾಕುವುದು. ಇದಕ್ಕೆ ಏಕಕಾಲದಲ್ಲಿ ಕಡಮೆಯೆಂದರೆ 4 ಉಪಗ್ರಹಗಳ ಸಂಕೇತಗಳು ಬೇಕು. ಇವು ಬಹಳ ಕ್ಷೀಣವಾದುವು. ಸಾಧಾರಣ ಗಾಜನ್ನು ದಾಟಿ ಬರುವುವು, ಲೋಹದ ತಗಡನ್ನು ದಾಟಲಾರವು. ಆದುದರಿಂದ ಯಂತ್ರವನ್ನು ಸೀಟಿನ ಕೆಳಗಾಗಲಿ, ಸಲಕರಣೆಯ ಪೆಟ್ಟಿಗೆಯಲ್ಲಾಗಲಿ ಇಡಕೂಡದು. ಬಿಸಿಲನ್ನು ತಡೆಯಲು ಲೋಹದ ಲೇಪವನ್ನು ಕೊಟ್ಟ ಗಾಜೂ ಸಂಕೇತವನ್ನು ಕುಗ್ಗಿಸುವುದು. ಅಂತಹ ವಾಹನಗಳಲ್ಲಿ ಹೊರಗಡೆಯ ಆಂಟೆನಾವನ್ನು ಉಪಯೋಗಿಸುವುದು ಮೇಲು.

2. ರಸ್ತೆಯು ಕಾಣಬೇಕು.— ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಹೋಗುವ ವಾಹನವು 2 ಸೆಕೆಂಡುಗಳಲ್ಲಿ ಸುಮಾರು 22 ಮೀಟರು ಮುಂದುವರಿಯುವುದು. ಯಂತ್ರವನ್ನು ನೋಡಲು ಚಾಲಕನು ತಲೆಯನ್ನು ಬಗ್ಗಿಸಿದರೆ, ಅಷ್ಟು ದೂರವನ್ನು ಕಣ್ಣು ಮುಚ್ಚಿ ಓಡಿಸಿದಂತೆಯೇ ಸರಿ. ಊರೊಳಗಿನ ರಸ್ತೆಗೆ ದನಕರುಗಳೂ ಮಕ್ಕಳೂ ಅಡ್ಡ ಬರಲು ಇದಕ್ಕಿಂತ ಕಡಮೆ ದೂರವು ಸಾಕು. ಹಾಗೆಂದು ಮುಂದಿನ ಗಾಜಿನ ನಡುವೆ ಅಂಟಿಸಿದರೆ ಯಂತ್ರವೇ ರಸ್ತೆಯನ್ನು ಮರೆಮಾಡುವುದು. ಸ್ಟೇರಿಂಗಿನ ಪಕ್ಕದಲ್ಲಿ, ಗಾಜಿನ ಕೆಳಅಂಚಿಗೆ ಸಮೀಪವಾಗಿ, ಕಣ್ಣನ್ನು ಸ್ವಲ್ಪವೇ ಹೊರಳಿಸಿದರೆ ಕಾಣುವಂತೆ ಕೂರಿಸುವುದು ಉತ್ತಮ. 2020ನೆಯ ಇಸವಿ ಅಕ್ಟೋಬರ್ 1ರಿಂದ ಜಾರಿಗೆ ಬಂದ ಕೇಂದ್ರ ಮೋಟಾರು ವಾಹನ ನಿಯಮಗಳ ತಿದ್ದುಪಡಿಯ ಪ್ರಕಾರವೂ, ವಾಹನವನ್ನು ನಡೆಸುವಾಗ ಮೊಬೈಲನ್ನು ದಾರಿ ತಿಳಿಯುವುದಕ್ಕೆ ಮಾತ್ರ, ಚಾಲಕನ ಏಕಾಗ್ರತೆಯು ಕೆಡದಂತೆ ಉಪಯೋಗಿಸಬಹುದಾಗಿದೆ.

3. ಭದ್ರವಾಗಿರಬೇಕು.— ರಬ್ಬರಿನ ಬಟ್ಟಲಿನಿಂದ ಗಾಜಿಗೆ ಅಂಟಿಸುವ ಹಿಡಿಗಳು ಧೂಳಿನಿಂದಲೂ ಬಿಸಿಲಿನ ಕಾವಿನಿಂದಲೂ ಸಡಿಲವಾಗುವುವು. ಗಾಜನ್ನು ಒರಸಿ ಅಂಟಿಸಿ, ಹೊರಡುವ ಮುಂಚೆ ಎಳೆದು ನೋಡತಕ್ಕದ್ದು. ಏರ್‌ಬ್ಯಾಗ್ ಇರುವ ಮುಚ್ಚಳದ ಮೇಲೆ ಯಾವ ವಸ್ತುವನ್ನೂ ಕೂರಿಸಕೂಡದು. ಅಪಘಾತದಲ್ಲಿ ಅದು ಬಿಚ್ಚಿಕೊಂಡಾಗ ಆ ವಸ್ತುವು ಮುಖಕ್ಕೆ ಬಡಿಯುವುದು. ವಿದ್ಯುತ್ತಿನ ತಂತಿಯು ಸ್ಟೇರಿಂಗಿಗಾಗಲಿ ಬ್ರೇಕಿಗಾಗಲಿ ತೊಡರಿಕೊಳ್ಳದಂತೆ ಕಟ್ಟಿರಬೇಕು.

ಟ್ರಾಕ್ಟರಿನ ವಿಷಯ.— ಸಾಲು ತಪ್ಪದೆ ಉಳಲು ಉಪಯೋಗಿಸುವ ಯಂತ್ರಗಳ ಆಂಟೆನಾವನ್ನು ಚಾವಣಿಯ ಮೇಲೆ, ಟ್ರಾಕ್ಟರಿನ ನಡುಗೆರೆಗೆ ಸರಿಯಾಗಿ ಕೂರಿಸಬೇಕು. ಅದು ಒಂದು ಪಕ್ಕಕ್ಕೆ 10 ಸೆಂಟಿಮೀಟರು ಸರಿದಿದ್ದು, ಆ ಅಂತರವನ್ನು ಯಂತ್ರಕ್ಕೆ ತಿಳಿಸದಿದ್ದರೆ, ಸಾಲುಗಳು ಒಂದು ಕಡೆ ಒತ್ತಾಗಿ, ಇನ್ನೊಂದು ಕಡೆ ನೆಲವು ಉಳದೆ ಉಳಿಯುವುದು. ಇಳಿಜಾರು ಭೂಮಿಯಲ್ಲಿ ಇನ್ನೊಂದು ತೊಡಕುಂಟು. ನೆಲದಿಂದ 3 ಮೀಟರು ಎತ್ತರದಲ್ಲಿರುವ ಆಂಟೆನಾವು, ಟ್ರಾಕ್ಟರು ಪಕ್ಕಕ್ಕೆ 5 ಡಿಗ್ರಿ ವಾಲಿದರೆ, ಚಕ್ರಗಳ ನಡುಗೆರೆಯಿಂದ ಸುಮಾರು 26 ಸೆಂಟಿಮೀಟರು ಆಚೆಗೆ ಹೋಗುವುದು. ಈ ವ್ಯತ್ಯಾಸವನ್ನು ತಾನೇ ಸರಿಪಡಿಸಿಕೊಳ್ಳುವ ಯಂತ್ರಗಳಿಗೆ ಆಂಟೆನಾದ ಎತ್ತರವನ್ನು ಅಳೆದು ತಿಳಿಸಬೇಕು. ಅಂದಾಜಿನ ಮೇಲೆ ಹೇಳಕೂಡದು. ಟ್ರಾಕ್ಟರು ಮಗುಚಿದಾಗ ಚಾಲಕನನ್ನು ಕಾಯುವ ಕಬ್ಬಿಣದ ಕಮಾನಿಗೆ ರಂಧ್ರವನ್ನು ಕೊರೆಯಲೇಕೂಡದು. ಅದರಿಂದ ಕಮಾನಿನ ಬಲವು ಕುಗ್ಗುವುದು. ಬಿಗಿಪಟ್ಟಿಯಿಂದ ಕಟ್ಟಿದರೆ ಸಾಕು.

ಗ್ರಾಮದ ಮುಖಂಡರೂ ಜಮೀನುದಾರರೂ ತಮ್ಮ ವಾಹನಗಳನ್ನು ನಡೆಸುವ ಆಳುಗಳಿಗೆ ಈ ಅಂಶಗಳನ್ನು ವಿವರಿಸಿ ಹೇಳುವುದು ಅವಶ್ಯಕ. ಹೋಗಬೇಕಾದ ಊರನ್ನು ವಾಹನವು ನಿಂತಿರುವಾಗಲೇ ಯಂತ್ರಕ್ಕೆ ತಿಳಿಸಿ, ಅನಂತರ ಹೊರಡುವ ಅಭ್ಯಾಸವನ್ನು ಅವರಲ್ಲಿ ಬೆಳೆಸಿದರೆ, ಯಂತ್ರಕ್ಕೆ ಕೊಟ್ಟ ಹಣವು ಸಾರ್ಥಕವಾಗುವುದು, ದಾರಿಹೋಕರಿಗೂ ಕ್ಷೇಮವುಂಟಾಗುವುದು.