ಬೊಕ್ಕಸದ ಲೆಕ್ಕವೂ ಗೃಹಸ್ಥನ ವಿವೇಕವೂ

ತಿಂಗಳ ಕೊನೆಯಲ್ಲಿ ಮನೆಯ ಜಮಾಖರ್ಚನ್ನು ನೋಡುವಾಗ ಹತ್ತು ರೂಪಾಯಿ ವ್ಯತ್ಯಾಸ ಕಂಡರೂ ನಮಗೆ ಸಮಾಧಾನವಿರದು. ಆದರೆ ನಾವು ತೆರಿಗೆಯಾಗಿ ಸಲ್ಲಿಸಿದ ಹಣವು ಬೊಕ್ಕಸವನ್ನು ಸೇರಿದ ಮೇಲೆ ಏನಾಯಿತೆಂದು ನಮ್ಮಲ್ಲಿ ಎಷ್ಟು ಮಂದಿ ವಿಚಾರಿಸುತ್ತೇವೆ? ‘ಕಂಡವರ ದುಡ್ಡು, ಎಲ್ಲಮ್ಮನ ಜಾತ್ರೆ’ ಎಂಬ ಗಾದೆಗೆ ಇಂಥ ಔದಾಸೀನ್ಯವೇ ಆಸರೆ.

ಈ ವಿಚಾರಣೆಯನ್ನು ನಮ್ಮೆಲ್ಲರ ಪರವಾಗಿ ನಡೆಸತಕ್ಕವರು ಭಾರತದ ನಿಯಂತ್ರಕ ಮತ್ತು ಮಹಾಲೆಕ್ಕಪರಿಶೋಧಕರು. ಸಂವಿಧಾನದ 148ನೆಯ ಅನುಚ್ಛೇದವು ಅವರನ್ನು ಭಯದಿಂದಲೂ ಆಸೆಯಿಂದಲೂ ದೂರವಿರಿಸಿದೆ. ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ ವಿಧಿಸಿದ ಕ್ರಮದಿಂದಲ್ಲದೆ ಅವರನ್ನು ಅಧಿಕಾರದಿಂದ ತೆಗೆಯಲಾಗದು. ನಿವೃತ್ತರಾದ ಬಳಿಕ ಕೇಂದ್ರದಲ್ಲಾಗಲಿ ರಾಜ್ಯದಲ್ಲಾಗಲಿ ಸರ್ಕಾರದ ಹುದ್ದೆಯನ್ನು ಅವರು ವಹಿಸುವಂತಿಲ್ಲ. 1949ರ ಮೇ 30ರಂದು ಸಂವಿಧಾನ ಸಭೆಯಲ್ಲಿ ಡಾಕ್ಟರ್ ಅಂಬೇಡ್ಕರರು ಈ ಅಧಿಕಾರಿಯನ್ನು ಸಂವಿಧಾನದಲ್ಲಿ ಬಹುಶಃ ಅತ್ಯಂತ ಮಹತ್ವದ ಅಧಿಕಾರಿಯೆಂದು ಬಣ್ಣಿಸಿದರು.

ಲೆಕ್ಕಪರಿಶೋಧನೆಯೆಂದರೆ ರಸೀದಿಗಳನ್ನು ಎಣಿಸುವುದಷ್ಟೇ ಅಲ್ಲ. ಊರಿಗೊಂದು ಬಾವಿ ತೋಡಿಸಿದರೆಂದು ಭಾವಿಸೋಣ. ಮಂಜೂರಾತಿಯುಂಟು, ರಸೀದಿಯುಂಟು, ಮೊತ್ತವೂ ತಾಳೆಯಾಯಿತು. ಬಾವಿಯಲ್ಲಿ ಮಾತ್ರ ನೀರಿಲ್ಲ! ವರ್ತಕನಿಗೆ ಲಾಭನಷ್ಟವೇ ಒರೆಗಲ್ಲು. ಸರ್ಕಾರದ ವೆಚ್ಚಕ್ಕಾದರೋ ಜನರಿಗೊದಗಿದ ಪ್ರಯೋಜನವೇ ಒರೆಗಲ್ಲು. ಆದಕಾರಣ ವೆಚ್ಚವು ನಿಯಮಬದ್ಧವೇ ಎಂಬುದರ ಜೊತೆಗೆ, ಅದು ಮಿತವಾಯಿತೇ, ಸಫಲವಾಯಿತೇ ಎಂಬುದನ್ನೂ ಕಾರ್ಯನಿರ್ವಹಣಾ ಪರಿಶೋಧನೆಯು ಪರೀಕ್ಷಿಸುತ್ತದೆ.

ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ 21ನೆಯದು ಗೃಹಸ್ಥರಿಗೆ ಮೆಚ್ಚಿಕೆಯಾಗತಕ್ಕದ್ದು. ಸಾಮಾನ್ಯ ವಿವೇಕವುಳ್ಳವನು ಸ್ವಂತ ಹಣವನ್ನು ವ್ಯಯಿಸುವಾಗ ವಹಿಸುವಷ್ಟೇ ಎಚ್ಚರಿಕೆಯನ್ನು ಅಧಿಕಾರಿಯು ಸಾರ್ವಜನಿಕ ಹಣದ ವಿಷಯದಲ್ಲಿಯೂ ವಹಿಸಬೇಕೆಂಬುದು ಅದರ ತಾತ್ಪರ್ಯ. ನಮ್ಮ ಅಡುಗೆಮನೆಯ ನೀತಿಯೇ ಇಲ್ಲಿ ರಾಜನೀತಿಯಾಗಿದೆ.

ಆದರೂ ಪರಿಶೋಧಕನು ದೋಷವನ್ನು ತೋರಿಸಬಲ್ಲನೇ ಹೊರತು ದಂಡಿಸಲಾರನು. ಕೇಂದ್ರದ ವರದಿಯು ರಾಷ್ಟ್ರಪತಿಗಳ ಮೂಲಕ ಸಂಸತ್ತಿನ ಮುಂದೆಯೂ, ರಾಜ್ಯದ್ದು ರಾಜ್ಯಪಾಲರ ಮೂಲಕ ವಿಧಾನಮಂಡಲದ ಮುಂದೆಯೂ ಬರುತ್ತದೆ. ಅನಂತರ ಸಾರ್ವಜನಿಕ ಲೆಕ್ಕಪತ್ರ ಸಮಿತಿಯು ಅದನ್ನು ವಿಚಾರಿಸುತ್ತದೆ. ಸಂಸತ್ತಿನ ಈ ಸಮಿತಿಯಲ್ಲಿ 22 ಸದಸ್ಯರಿರುತ್ತಾರೆ. ಮಂತ್ರಿಗಳಿಗೆ ಅಲ್ಲಿ ಸ್ಥಾನವಿಲ್ಲ. 1967ರಿಂದ ವಿರೋಧ ಪಕ್ಷದವರೇ ಅಧ್ಯಕ್ಷರಾಗುವ ಸಂಪ್ರದಾಯವಿದೆ.

ಇಷ್ಟೆಲ್ಲ ಏರ್ಪಾಡಿದ್ದೂ ವರದಿಯನ್ನು ಓದುವವರಿಲ್ಲದಿದ್ದರೆ ಅದು ಕಪಾಟಿನ ಕಾಗದವಾದೀತು. ಇಂದು ಆ ವರದಿಗಳು ಅಂತರ್ಜಾಲದಲ್ಲಿ ಎಲ್ಲರಿಗೂ ದೊರೆಯುತ್ತವೆ. ಮನೆಯ ಲೆಕ್ಕವನ್ನು ಮುಗಿಸಿದ ಸಂಜೆ ನಮ್ಮ ಜಿಲ್ಲೆಯ ಶಾಲೆ, ಆಸ್ಪತ್ರೆ, ನೀರಿನ ವಿಷಯವಾಗಿ ಅವುಗಳಲ್ಲಿ ಏನು ಬರೆದಿದೆಯೆಂದು ಒಂದೆರಡು ಪುಟಗಳನ್ನು ಓದೋಣ. ಗ್ರಾಮಸಭೆಯಲ್ಲಿ ಕೇಳಬೇಕಾದುದನ್ನು ವಿನಯದಿಂದಲೇ ಕೇಳೋಣ. ಒಡೆಯನು ಕಣ್ಣಿಟ್ಟ ಮನೆಯಲ್ಲಿ ಸೋರಿಕೆ ಕಡಿಮೆ. ಈ ಮನೆಗೆ ಒಡೆಯರು ನಾವೇ ಅಲ್ಲವೆ?