ಹಿಲ್ ಕ್ಲೈಂಬ್ ಬಾಸ್‌ನನ್ನು ಸೋಲಿಸಲು ‘ಅನ್‌ಲಿಮಿಟೆಡ್ ಕಾಯಿನ್’ ಎಪಿಕೆ ಬೇಕೇ?

ಮಳೆ ಜೋರಾಗಿ ಡಿಸಿ ರಜೆ ಕೊಟ್ಟ ದಿನ ಪುತ್ತೂರು, ಸುಳ್ಯ, ಕಡಬದ ಎಷ್ಟೋ ಮನೆಗಳಲ್ಲಿ ಅಪ್ಪ-ಅಮ್ಮನ ಮೊಬೈಲ್ ಮಕ್ಕಳ ಕೈಯಲ್ಲಿರುತ್ತದೆ. ಅಂಥ ಮೊಬೈಲ್‌ಗಳಿಗೇ ಬರುವ ಒಂದು ಬಗೆಯ ಫಾರ್ವರ್ಡ್ ಇದೆ: ‘ಹಿಲ್ ಕ್ಲೈಂಬ್ ರೇಸಿಂಗ್ 2’ ಆಟಕ್ಕೆ ಲೆಕ್ಕವಿಲ್ಲದಷ್ಟು ಕಾಯಿನ್ ಉಚಿತ, ಎಂಜಿನ್ ಫುಲ್ ಅಪ್‌ಗ್ರೇಡ್, ಬಾಸ್‌ನನ್ನು ಒಂದೇ ಸಲಕ್ಕೆ ಸೋಲಿಸಿ. ಕೆಳಗೆ ಒಂದು ಎಪಿಕೆ ಲಿಂಕ್. ಆಂಡ್ರಾಯ್ಡ್ ಫೋನಿಗೆ ಆ್ಯಪ್ ಹಾಕುವ ಫೈಲಿಗೆ ಎಪಿಕೆ ಎನ್ನುತ್ತಾರೆ. ಪ್ಲೇ ಸ್ಟೋರಿನ ಹಂಗಿಲ್ಲದೆ ಅದನ್ನು ಯಾರು ಬೇಕಾದರೂ ಯಾರಿಗೆ ಬೇಕಾದರೂ ಕಳಿಸಬಹುದು.

ಇದು ಅಪಾಯ ಎಂದರೆ ಮಕ್ಕಳು ಕೇಳುವುದಿಲ್ಲ. ಅದರಿಂದ ಕೆಲಸವೂ ಆಗುವುದಿಲ್ಲ ಎಂದು ತೋರಿಸಿದರೆ ಕೇಳಬಹುದು. ಹಾಗಾಗಿ ಮೊದಲು ಆಟದ ವಿಷಯ.

ಫಿನ್‌ಲ್ಯಾಂಡಿನ ಫಿಂಗರ್‌ಸಾಫ್ಟ್ ಕಂಪನಿ 2012ರಲ್ಲಿ ‘ಹಿಲ್ ಕ್ಲೈಂಬ್ ರೇಸಿಂಗ್’ ತಂದಿತು, ಎರಡನೇ ಆವೃತ್ತಿ 2016ರಲ್ಲಿ ಬಂತು. ಆರಂಭದಲ್ಲಿ ಸಿಗುವುದು ಒಂದು ಕೆಂಪು ಜೀಪು. ಕಾಯಿನ್ ಸೇರಿಸಿ ಅದರ ಎಂಜಿನ್, ಗ್ರಿಪ್, ಸಸ್ಪೆನ್ಷನ್, ಫೋರ್ ವೀಲ್ ಡ್ರೈವ್ ಬಲಪಡಿಸುತ್ತಾ ಗಾಡಿ ಕಟ್ಟಿಕೊಳ್ಳಬೇಕು. ಓಟಗಳನ್ನು ಗೆದ್ದು ಒಂದು ಹಂತ ತುಂಬಿದಾಗ ಬಾಸ್ ಎದುರಾಗುತ್ತಾನೆ. ಅವನನ್ನು ಸೋಲಿಸಿದರೆ ಮಾತ್ರ ಮೇಲಿನ ಹಂತಕ್ಕೆ ಬಡ್ತಿ. ಹೊಸಬರು ಇಲ್ಲಿ ಸಿಕ್ಕಿಬಿದ್ದು, ಇದ್ದ ಕಾಯಿನ್‌ ಎಲ್ಲ ಎಂಜಿನ್‌ಗೆ ಸುರಿದು, ಮತ್ತೆ ಸೋಲುತ್ತಾರೆ.

ಯಾಕೆ ಸೋಲುತ್ತಾರೆ ಎಂಬುದಕ್ಕೆ ಉತ್ತರ ಸುಳ್ಯದ ಯಾವುದೇ ತೋಟದ ರಸ್ತೆಯಲ್ಲಿದೆ. ಆಷಾಢದ ಕೆಸರಿನಲ್ಲಿ ಏರು ಹತ್ತುವ ಜೀಪಿನ ಚಾಲಕರು ಎಂಜಿನ್ ಬದಲಾಯಿಸುವುದಿಲ್ಲ, ಟಯರಿಗೆ ಚೈನ್ ಸುತ್ತುತ್ತಾರೆ. ಎಂಜಿನ್ ಎಷ್ಟೇ ಬಲ ಕೊಟ್ಟರೂ ಗಾಡಿಯನ್ನು ಮುಂದಕ್ಕೆ ತಳ್ಳುವುದು ಟಯರಿಗೂ ನೆಲಕ್ಕೂ ನಡುವಿನ ಹಿಡಿತ, ಅಂದರೆ ಘರ್ಷಣೆ. ಆ ಹಿಡಿತಕ್ಕೆ ಒಂದು ಮಿತಿ ಇದೆ. ಅದನ್ನು ಮೀರಿದ ಬಲವೆಲ್ಲ ಚಕ್ರವನ್ನು ನಿಂತಲ್ಲೇ ತಿರುಗಿಸುತ್ತದೆ. ಜಾರುವ ಚಕ್ರದ ಹಿಡಿತ ಜಾರದ ಚಕ್ರಕ್ಕಿಂತ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಕೆಸರಲ್ಲಿ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಹೂತುಹೋಗುತ್ತದೆ.

ಸಣ್ಣ ಲೆಕ್ಕ ಹಾಕೋಣ. 30 ಡಿಗ್ರಿ ಏರಿನಲ್ಲಿ ಗಾಡಿಯನ್ನು ಕೆಳಗೆ ಎಳೆಯುವ ಬಲ ಅದರ ತೂಕದ ಅರ್ಧದಷ್ಟು. ನೆಲವನ್ನು ಒತ್ತುವ ಬಲ ತೂಕದ ಸುಮಾರು 87 ಪಾಲು, ನೂರಕ್ಕೆ. ನಾಲ್ಕೂ ಚಕ್ರ ಎಳೆಯುವಂತಿದ್ದರೆ ಜಾರದೆ ಹತ್ತಲು 0.58ರಷ್ಟು ಘರ್ಷಣಾಂಕ ಸಾಕು. ಹಿಂದಿನ ಎರಡೇ ಚಕ್ರ ಎಳೆಯುತ್ತಿದ್ದು, ಅವುಗಳ ಮೇಲೆ ಭಾರದ 60 ಪಾಲು ಮಾತ್ರ ಬಿದ್ದಿದ್ದರೆ 0.96 ಬೇಕು. ಒಣ ಡಾಂಬರಿನಲ್ಲೂ ಅದು ಸುಲಭವಲ್ಲ, ಕೆಸರಿನಲ್ಲಂತೂ ಸಾಧ್ಯವೇ ಇಲ್ಲ. ಈ ಲೆಕ್ಕದಲ್ಲಿ ಎಂಜಿನ್‌ನ ಹೆಸರೇ ಬರಲಿಲ್ಲ ನೋಡಿ.

ನಮ್ಮ ಪಕ್ಕದ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ಕಟ್ಟಿದ ಅಡಿಕೆ ಮರ ಹತ್ತುವ ಬೈಕಿನ ವಿಡಿಯೋ 2019ರಲ್ಲಿ ಎಲ್ಲರ ಫೋನಿಗೂ ಬಂದಿತ್ತು. (ಅದು ನಿಜದ ಫಾರ್ವರ್ಡ್!) ಸಣ್ಣ ಪೆಟ್ರೋಲ್ ಎಂಜಿನ್, ಆದರೂ ಆಳನ್ನು ಹೊತ್ತು ನೆಟ್ಟಗಿನ ಮರ ಏರುತ್ತದೆ. ಚಕ್ರಗಳು ಕಾಂಡವನ್ನು ಬಿಗಿಯಾಗಿ ಹಿಡಿದಿರುವುದರಿಂದಲೇ ಅದು ಸಾಧ್ಯ.

ಆಟಕ್ಕೆ ಬಂದರೆ, ಮೊದಲ ಬಾಸ್‌ಗಳ ಹೊತ್ತಿಗೆ ಕೈಯಲ್ಲಿರುವ ಸ್ವಲ್ಪ ಕಾಯಿನನ್ನು ಗ್ರಿಪ್ ಮತ್ತು ಫೋರ್ ವೀಲ್ ಡ್ರೈವ್‌ಗೂ ಹಂಚಿ. ಎಂಜಿನ್ ಬೇಡವೆಂದಲ್ಲ, ಅದೊಂದೇ ಮುಂದೆ ಓಡಿದರೆ ಜೀಪಿನ ಮುಂಭಾಗ ಎದ್ದು ಗಾಡಿ ಹಿಂದಕ್ಕೆ ಮಗುಚುತ್ತದೆ. ಚಾಲಕನ ತಲೆ ನೆಲಕ್ಕೆ ಬಡಿದರೆ ಅಲ್ಲಿಗೆ ಓಟ ಮುಗಿಯಿತು. ಕಡಿದಾದ ಏರಿನಲ್ಲಿ ಗ್ಯಾಸ್ ಬಟನ್ ಒಂದೇ ಸಮ ಒತ್ತದೆ ಬಿಟ್ಟು ಬಿಟ್ಟು ಒತ್ತಿ.

ಹೆಚ್ಚಿನವರು ಸಮಯ ಕಳೆದುಕೊಳ್ಳುವುದು ಗಾಳಿಯಲ್ಲಿ. ದಿಬ್ಬದಿಂದ ಹಾರಿದಾಗ ಗ್ಯಾಸ್ ಒತ್ತಿದರೆ ಮೂತಿ ಮೇಲಕ್ಕೆ, ಬ್ರೇಕ್ ಒತ್ತಿದರೆ ಕೆಳಕ್ಕೆ. ಇದು ಆಟದವರ ಕಲ್ಪನೆಯಲ್ಲ, ಮೋಟೋಕ್ರಾಸ್ ಸವಾರರು ನಿಜವಾಗಿ ಬಳಸುವ ತಂತ್ರ. ಹಿಡಿದುಕೊಳ್ಳಲು ನೆಲವಿಲ್ಲದಾಗ ಚಕ್ರ ಒಂದು ದಿಕ್ಕಿಗೆ ಜೋರಾಗಿ ತಿರುಗಿದರೆ ಗಾಡಿಯ ಮೈ ಎದುರು ದಿಕ್ಕಿಗೆ ತಿರುಗುತ್ತದೆ. ಬ್ರೇಕ್ ಹಾಕಿದರೆ ಚಕ್ರದ ತಿರುಗು ಮೈಗೆ ಬರುತ್ತದೆ. ಆಟದಲ್ಲಿ ಇದನ್ನು ಸ್ವಲ್ಪ ಉತ್ಪ್ರೇಕ್ಷಿಸಿದ್ದಾರೆ ಅಷ್ಟೆ. ಇಳಿಯುವ ಜಾಗದ ಇಳಿಜಾರಿಗೆ ಸರಿಯಾಗಿ ಗಾಡಿಯನ್ನು ಬಾಗಿಸಿ, ಎರಡೂ ಚಕ್ರ ಒಟ್ಟಿಗೆ ನೆಲ ಮುಟ್ಟುವಂತೆ ಮಾಡಿದರೆ ವೇಗ ಉಳಿಯುತ್ತದೆ. ಮೂತಿ ಕುಟ್ಟಿ ಇಳಿದರೆ ಬಾಸ್ ಮುಂದೆ ಹೋಗಿರುತ್ತಾನೆ. ಎಷ್ಟು ಕಾಯಿನ್ ಇದ್ದರೂ ಈ ಕೆಲಸ ಬೆರಳೇ ಮಾಡಬೇಕು.

ಈಗ ಆ ಲಿಂಕ್. ಮದುವೆ ಕರೆಯೋಲೆ, ಆರ್‌ಟಿಒ ಚಲನ್ ಹೆಸರಿನಲ್ಲಿ ವಾಟ್ಸಾಪ್‌ಗೆ ಬಂದ ಎಪಿಕೆ ಫೈಲುಗಳಿಂದ ದೇಶದ ಹಲವೆಡೆ ಜನ ಹಣ ಕಳೆದುಕೊಂಡಿದ್ದಾರೆ. ವಿಧಾನ ಸರಳ. ಇನ್‌ಸ್ಟಾಲ್ ಆದ ಕೂಡಲೇ ಆ್ಯಪ್ ಎಸ್‌ಎಂಎಸ್ ಓದುವ ಅನುಮತಿ ಕೇಳುತ್ತದೆ. ‘ಅಲೋ’ ಒತ್ತಿದರೆ ಬ್ಯಾಂಕಿನ ಒಟಿಪಿ ನಿಮಗಿಂತ ಮೊದಲು ಕಳ್ಳರಿಗೆ ತಲುಪಬಹುದು. ಜೀಪು ಓಡಿಸುವ ಆಟಕ್ಕೆ ನಿಮ್ಮ ಎಸ್‌ಎಂಎಸ್ ಯಾಕೆ ಬೇಕು? ‘ಕಾಯಿನ್’ ಎಪಿಕೆಗಳೆಲ್ಲ ಹೀಗೇ ಎಂದಲ್ಲ. ಆದರೆ ಯಾವುದು ಹಾಗೆ ಎಂದು ಹೊರಗಿನಿಂದ ನೋಡಿ ಹೇಳಲಾಗದು. ಅಡಿಕೆ ಮಾರಿದ ಹಣ ಇರುವ ಖಾತೆಯ ಯುಪಿಐ ಅದೇ ಫೋನಿನಲ್ಲಿದ್ದರೆ ಪರೀಕ್ಷೆ ಮಾಡಿ ನೋಡುವ ವಿಷಯ ಇದಲ್ಲ.

ಮನೆಯಲ್ಲಿ ಮಕ್ಕಳು ಈಗಾಗಲೇ ಹಾಕಿಬಿಟ್ಟಿದ್ದರೆ ಬೈಯುವುದು ಆಮೇಲೆ ಇರಲಿ. ಬೈಗುಳದ ಹೆದರಿಕೆಗೆ ಮಕ್ಕಳು ವಿಷಯ ಮುಚ್ಚಿಟ್ಟರೆ ಹೊತ್ತು ಹೋಗುತ್ತದೆ. ಮೊದಲು ಫ್ಲೈಟ್ ಮೋಡ್ ಹಾಕಿ, ಆ ಆ್ಯಪ್ ತೆಗೆಯಿರಿ. ಬೇರೆ ಫೋನಿನಿಂದ ಬ್ಯಾಂಕಿಗೆ ತಿಳಿಸಿ, ಪಾಸ್‌ವರ್ಡ್ ಮತ್ತು ಪಿನ್ ಬದಲಾಯಿಸಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ದೂರು ಕೊಟ್ಟಷ್ಟೂ ಹಣ ಮುಂದಿನ ಖಾತೆಗೆ ಹೋಗುವ ಮೊದಲೇ ತಡೆಹಿಡಿಯುವ ಸಾಧ್ಯತೆ ಹೆಚ್ಚು.