ದನಗಳಿಗೆ ತಗಲುವ ಹುಚ್ಚುನಾಯಿ ರೋಗ

ಕರೆಯುವ ಹಸು ಇದ್ದಕ್ಕಿದ್ದಂತೆ ಮೇವು ಬಿಟ್ಟು, ಬಾಯಲ್ಲಿ ಜೊಲ್ಲು ಸುರಿಸುತ್ತಾ ಒಡಕು ದನಿಯಲ್ಲಿ ಕೂಗತೊಡಗಿದರೆ ನಮ್ಮ ಹಳ್ಳಿಗಳಲ್ಲಿ ಮೊದಲು ಏನು ಮಾಡುತ್ತಾರೆ? ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆಯೆಂದು ಬಾಯಿ ಬಿಡಿಸಿ ಕೈ ಹಾಕಿ ನೋಡುತ್ತಾರೆ. ಏನೂ ಸಿಗದಿದ್ದರೆ ಗೊಟ್ಟದಲ್ಲಿ ಕಷಾಯ ಹೊಯ್ಯುತ್ತಾರೆ. ಹಸುವಿಗೆ ಬಂದಿರುವುದು ಹುಚ್ಚುನಾಯಿ ರೋಗವಾಗಿದ್ದರೆ, ಕೈಯಲ್ಲಿ ಒಂದು ಸಣ್ಣ ಗೀರು ಇದ್ದರೂ ಆ ಮನುಷ್ಯನ ಪ್ರಾಣಕ್ಕೇ ಅಪಾಯ. ಹೊಸೂರು, ಡೆಂಕಣಿಕೋಟೆ, ತಳಿ, ಬಾಗಲೂರು ಕಡೆಯ ನಮ್ಮ ರೈತರಲ್ಲಿ ಅನೇಕರ ಸಂಸಾರ ಹಾಲಿನಿಂದಲೇ ನಡೆಯುತ್ತಿದೆ. ಆದುದರಿಂದ ಈ ರೋಗದ ರೀತಿಯನ್ನು ಪ್ರತಿಯೊಬ್ಬರೂ ತಿಳಿದಿರಬೇಕು.

ರೋಗ ಬರುವ ಬಗೆ

ಈ ರೋಗಕ್ಕೆ ವೈದ್ಯರು ರೇಬಿಸ್ ಎನ್ನುತ್ತಾರೆ. ಬರಿಗಣ್ಣಿಗೆ ಕಾಣದ ಒಂದು ವಿಷಾಣು ಇದಕ್ಕೆ ಕಾರಣ. ರೋಗ ಹಿಡಿದ ನಾಯಿಯ ಜೊಲ್ಲಿನಲ್ಲಿ ಇದು ಇರುತ್ತದೆ; ಕಚ್ಚಿದಾಗ ಗಾಯದೊಳಗೆ ಸೇರುತ್ತದೆ. ನಮ್ಮಲ್ಲಿ ಹೆಚ್ಚಾಗಿ ಹರಡುವುದು ನಾಯಿಯಿಂದ. ನರಿ, ಬೆಕ್ಕು, ಮುಂಗುಸಿಗಳಿಂದಲೂ ಬರುವುದುಂಟು.

ಗಾಯಕ್ಕೆ ಬಿದ್ದ ವಿಷಾಣು ರಕ್ತದಲ್ಲಿ ಹರಿದುಹೋಗುವುದಿಲ್ಲ. ಹಗ್ಗದ ಮೇಲೆ ಇರುವೆ ಹತ್ತುವ ಹಾಗೆ ನರವನ್ನು ಹಿಡಿದು ಮೆಲ್ಲಮೆಲ್ಲಗೆ ಮಿದುಳಿನ ಕಡೆಗೆ ಸಾಗುತ್ತದೆ. ಮಿದುಳನ್ನು ಸೇರಿ ಅಲ್ಲಿ ಬೆಳೆದ ಮೇಲೆ ಮತ್ತೆ ನರಗಳ ಮೂಲಕವೇ ಜೊಲ್ಲಿನ ಗ್ರಂಥಿಗಳಿಗೆ ಇಳಿಯುತ್ತದೆ. ಈ ಪ್ರಯಾಣಕ್ಕೆ ಕೆಲವು ವಾರಗಳಿಂದ ಕೆಲವು ತಿಂಗಳುಗಳವರೆಗೆ ಹಿಡಿಯಬಹುದು. ಗಾಯ ತಲೆಗೆ ಹತ್ತಿರವಾದಷ್ಟೂ ಕಾಲ ಕಡಿಮೆ. ಮೇಯುವ ದನ ತಲೆ ತಗ್ಗಿಸಿರುವುದರಿಂದ ಮೂತಿಗೇ ಕಡಿತ ಬೀಳುವುದುಂಟು. ಅಂಥ ದನದ ವಿಷಯದಲ್ಲಿ ಒಂದು ದಿನವನ್ನೂ ಕಳೆಯಬಾರದು.

ಕಚ್ಚಿದ ಮೇಲೆ ಹಾಕುವ ಲಸಿಕೆ ಹೇಗೆ ಕೆಲಸ ಮಾಡೀತು ಎಂದು ಕೆಲವರು ಕೇಳುವುದುಂಟು. ಉತ್ತರ ಈ ಪ್ರಯಾಣದಲ್ಲಿಯೇ ಇದೆ. ವಿಷಾಣು ಮಿದುಳನ್ನು ಮುಟ್ಟುವ ಮೊದಲೇ ದೇಹದಲ್ಲಿ ಪ್ರತಿರೋಧ ಶಕ್ತಿ ಹುಟ್ಟಿದರೆ ಪ್ರಾಣ ಉಳಿಯುತ್ತದೆ. ಲಕ್ಷಣ ಕಂಡ ಮೇಲಂತೂ ದನಕ್ಕೆ ಯಾವ ಔಷಧಿಯೂ ಇಲ್ಲ.

ಲಕ್ಷಣಗಳು

ನಾಯಿಯಲ್ಲಿ ಈ ರೋಗ ಎರಡು ರೂಪದಲ್ಲಿ ಬರುತ್ತದೆ. ಒಂದು ಉಗ್ರರೂಪ: ಕಂಡಕಂಡದ್ದನ್ನು ಕಚ್ಚುವುದು, ಗೊತ್ತುಗುರಿಯಿಲ್ಲದೆ ಓಡುವುದು. ಇನ್ನೊಂದು ಮೂಕರೂಪ: ಕೆಳದವಡೆ ಜೋತುಬಿದ್ದು, ಕತ್ತಲೆಯ ಮೂಲೆಯಲ್ಲಿ ಸುಮ್ಮನೆ ಬಿದ್ದಿರುವುದು. ಎರಡನೆಯದನ್ನು ಜನ ಗುರುತಿಸುವುದಿಲ್ಲ. ಆದರೆ ಅಪಾಯ ಎರಡರಲ್ಲೂ ಒಂದೇ.

ದನದಲ್ಲಿ ಕಾಣುವ ಲಕ್ಷಣಗಳಿವು. ಮೇವು, ಮೆಲುಕು ನಿಲ್ಲುತ್ತದೆ; ಹಾಲು ಬತ್ತುತ್ತದೆ. ದನಿ ಒಡೆದು ಬಿಡದೆ ಕೂಗುತ್ತದೆ. ಗಂಟಲ ಸ್ನಾಯು ಸೋತು ಜೊಲ್ಲು ನುಂಗಲಾಗದೆ ನೂಲಿನಂತೆ ಸುರಿಯುತ್ತದೆ. ಸಗಣಿ ಹಾಕಲು ಮತ್ತೆ ಮತ್ತೆ ತಿಣುಕುತ್ತದೆ. ಕೆಲವು ಗೂಟವನ್ನೋ ಗೋಡೆಯನ್ನೋ ಹಾಯುತ್ತವೆ. ಕೆಲವು ಬೆದೆಗೆ ಬಂದಂತೆ ಆಡುತ್ತವೆ. ಕೊನೆಗೆ ಹಿಂಗಾಲು ತೂರಾಡಿ ನೆಲಹಿಡಿದು, ಸಾಮಾನ್ಯವಾಗಿ ಹತ್ತು ದಿನದೊಳಗೆ ಸಾಯುತ್ತದೆ.

ನೀರು ಕುಡಿದರೆ ಹುಚ್ಚಲ್ಲ ಎಂದು ನೀರು ತೋರಿಸಿ ಪರೀಕ್ಷಿಸುವ ರೂಢಿ ನಮ್ಮಲ್ಲಿದೆ. ಇದು ತಪ್ಪು. ನೀರಿನ ಭೀತಿ ಮನುಷ್ಯರಲ್ಲಿ ಕಾಣುವ ಲಕ್ಷಣ. ರೋಗದ ನಾಯಿ ಹಳ್ಳವನ್ನೂ ದಾಟೀತು. ರೋಗದ ಹಸು ಬಾನಿಗೆ ಮೂತಿಯಿಟ್ಟು ನುಂಗಲಾರದೆ ನಿಂತೀತು. ಕಾಲುಬಾಯಿ ರೋಗದಲ್ಲೂ ಜೊಲ್ಲು ಸುರಿಯುವುದಾದರೂ ಅದರಲ್ಲಿ ಗೊರಸಿನ ಸಂದಿನಲ್ಲಿಯೂ ಹುಣ್ಣಿರುತ್ತದೆ. ಯಾವುದೇ ಆಗಲಿ, ಬಾಯಿಗೆ ಕೈ ಹಾಕುವ ಕೆಲಸ ನಮ್ಮದಲ್ಲ, ಪಶುವೈದ್ಯರದು.

ನಾಯಿ ಕಚ್ಚಿದೊಡನೆ ಮಾಡತಕ್ಕದ್ದು

ಗಾಯವನ್ನು ಸೋಪು ಹಚ್ಚಿ, ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು. ಈ ವಿಷಾಣುವಿಗೆ ಜಿಡ್ಡಿನ ಹೊದಿಕೆಯಿದೆ. ಎಣ್ಣೆಯ ಪಾತ್ರೆ ಸೋಪಿಗೆ ಬಿಡುವಂತೆ ಆ ಹೊದಿಕೆ ಕರಗಿ ವಿಷಾಣು ಸಾಯುತ್ತದೆ. ದನದ ಗಾಯ ತೊಳೆಯುವವರು ಕೈಗೆ ಗವಸು ಹಾಕಿಕೊಳ್ಳತಕ್ಕದ್ದು. ಸುಣ್ಣ, ಮೆಣಸಿನಪುಡಿ, ಕಾಫಿಪುಡಿ ಮೆತ್ತಬಾರದು; ಬರೆ ಹಾಕಬಾರದು.

ಅನಂತರ ಅದೇ ದಿನ ದನವನ್ನು ಪಶು ಆಸ್ಪತ್ರೆಗೆ ತೋರಿಸಿ ಲಸಿಕೆ ಪ್ರಾರಂಭಿಸಬೇಕು. ನಮ್ಮ ಕಡೆ ಹಲಗೆಯ ಮೇಲೆ ತಮಿಳಿನಲ್ಲಿ 'ಕಾಲ್ನಡೈ ಮರುತ್ತುವಮನೈ' ಎಂದು ಬರೆದಿರುತ್ತದೆ. 'ವೆರಿನಾಯ್ ಕಡಿ' ಎಂದರೆ ಅಲ್ಲಿಯವರಿಗೆ ಒಡನೆ ತಿಳಿಯುತ್ತದೆ. ಒಂದು ಚುಚ್ಚುಮದ್ದಿನಿಂದ ಮುಗಿಯುವುದಿಲ್ಲ. ವೈದ್ಯರು ಹೇಳಿದ ದಿನಗಳಂದು ತಪ್ಪದೆ ಎಲ್ಲವನ್ನೂ ಹಾಕಿಸಬೇಕು.

ಕಚ್ಚಿದ ನಾಯಿ ಸಾಕಿದ್ದಾದರೆ ಹೊಡೆದು ಕೊಲ್ಲದೆ, ಕಟ್ಟಿಹಾಕಿ ಹತ್ತು ದಿನ ಗಮನಿಸಬೇಕು. ಹತ್ತು ದಿನದ ಮೇಲೂ ಅದು ಆರೋಗ್ಯವಾಗಿದ್ದರೆ, ಕಚ್ಚಿದಾಗ ಅದರ ಜೊಲ್ಲಿನಲ್ಲಿ ವಿಷಾಣು ಇರಲಿಲ್ಲವೆಂದು ತಿಳಿಯಬಹುದು. ಆದರೆ ಅದಕ್ಕಾಗಿ ಕಾಯುತ್ತ ಲಸಿಕೆಯನ್ನು ತಡಮಾಡಬಾರದು.

ಹಾಲು, ಸತ್ತ ದನ, ಮುಟ್ಟಿದ ಜನ

ಲಕ್ಷಣ ಕಂಡ ಹಸುವಿನ ಹಾಲನ್ನು ಕುಡಿಯಕೂಡದು, ಡೈರಿಗೂ ಹಾಕಕೂಡದು. ಮೊದಲೇ ಕಾಯಿಸಿ ಕುಡಿದವರು ಹೆದರಬೇಕಾಗಿಲ್ಲ. ಕುದಿಯುವ ಬಿಸಿಗೆ ವಿಷಾಣು ಉಳಿಯದು. ಹಸಿ ಹಾಲು ಕುಡಿದವರು ಡಾಕ್ಟರರಿಗೆ ತಿಳಿಸಬೇಕು. ಸತ್ತ ದನದ ಚರ್ಮ ಸುಲಿಯದೆ, ಮಾಂಸ ಹಂಚದೆ, ಆಳವಾದ ಗುಂಡಿಯಲ್ಲಿ ಹೂಳಬೇಕು. ರೋಗ ಖಚಿತಪಡಬೇಕಾದರೆ ಮಿದುಳಿನ ಪರೀಕ್ಷೆಯಾಗಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿನಲ್ಲಿ ಇದಕ್ಕಾಗಿಯೇ ಪ್ರಯೋಗಾಲಯವಿದೆ, ಪಶುವೈದ್ಯರನ್ನು ವಿಚಾರಿಸಬಹುದು.

ಆ ದನದ ಬಾಯಿಗೆ ಕೈಹಾಕಿದವರು, ಗಾಯದ ಮೇಲೆ ಜೊಲ್ಲು ಬಿದ್ದವರು ಸರ್ಕಾರಿ ಆಸ್ಪತ್ರೆಗೆ ಹೋಗಲೇಬೇಕು. ಹೊಟ್ಟೆಯ ಸುತ್ತ 14 ಸೂಜಿ ಎಂಬ ಹಳೆಯ ಹೆದರಿಕೆ ಇನ್ನೂ ಹೋಗಿಲ್ಲ. 1885ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರ್ ಈ ಚಿಕಿತ್ಸೆಗೆ ದಾರಿ ತೋರಿದರು. ಅವರ ಹೆಸರಿನ ಸಂಸ್ಥೆ 1907ರಲ್ಲಿ ನಮ್ಮ ಕೂನೂರಿನಲ್ಲೂ ಪ್ರಾರಂಭವಾಯಿತು. ಕುರಿಯ ಮಿದುಳಿನಿಂದ ಮಾಡುತ್ತಿದ್ದ ಆ ಹಳೆಯ ಲಸಿಕೆಯನ್ನು ನಮ್ಮ ದೇಶ 2004ರ ಕೊನೆಗೆ ಕೈಬಿಟ್ಟಿತು. ಈಗ ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು. ದೊಡ್ಡ ಗಾಯವಾದರೆ ಗಾಯದ ಸುತ್ತ ಇನ್ನೊಂದು ಔಷಧಿ.

ಮುಂಜಾಗ್ರತೆ

ರೋಗದ ಬೇರು ನಾಯಿಯಲ್ಲಿದೆ. ಮನೆಯ ನಾಯಿಗೆ ಮೂರು ತಿಂಗಳಾದಾಗ ಲಸಿಕೆ ಹಾಕಿಸಿ, ಮುಂದೆ ವರ್ಷಕ್ಕೊಮ್ಮೆ ತಪ್ಪದೆ ಹಾಕಿಸಬೇಕು. ಹೊಲ ಕಾಯುವ ನಾಯಿ, ಬೀದಿಯಲ್ಲಿ ಅನ್ನ ತಿಂದು ಬೆಳೆದ ನಾಯಿ ಯಾರದೂ ಅಲ್ಲವೆನ್ನಬೇಡಿರಿ. ಅದು ಕಚ್ಚುವುದು ನಮ್ಮ ದನವನ್ನೇ, ನಮ್ಮ ಮಕ್ಕಳನ್ನೇ. ಊರಿನವರು ಸೇರಿ ಪಂಚಾಯತಿಯ ಮೂಲಕ ಪಶುವೈದ್ಯರನ್ನು ಕರೆಸಿ, ಊರ ನಾಯಿಗಳಿಗೆಲ್ಲ ಒಂದೇ ದಿನ ಲಸಿಕೆ ಹಾಕಿಸಿದರೆ ಎಲ್ಲರ ಕೊಟ್ಟಿಗೆಗೂ ಕಾವಲಿಟ್ಟಂತಾಗುವುದು.